ಅಪಾಯದ ಇಂಗ್ಲಿಷ್: ದಾಳದಾಟದಿಂದ ರೆಡ್ ಅಲರ್ಟ್‌ವರೆಗೆ

ರಿಸ್ಕ್, ಸಿನಾರಿಯೊ, ಬ್ಯಾಕಪ್, ಅಲರ್ಟ್. ಕನ್ನಡದ ಕಚೇರಿಗಳಲ್ಲೂ ದಿನವಿಡೀ ಕಿವಿಗೆ ಬೀಳುವ ಈ ಇಂಗ್ಲಿಷ್ ಮಾತುಗಳು ಒಂದೇ ಕಾಲದಲ್ಲಿ, ಒಂದೇ ಕಡೆ ಹುಟ್ಟಿದವಲ್ಲ. ಜೂಜು, ಹಡಗು ವ್ಯಾಪಾರ, ವಿಮೆ, ಯುದ್ಧತಂತ್ರ, ಎಂಜಿನಿಯರಿಂಗ್ ಹೀಗೆ ಒಂದೊಂದು ಕ್ಷೇತ್ರವೂ ತನ್ನ ಪಾಲು ಸೇರಿಸಿದೆ.

ತೀರಾ ಹಳೆಯದು ‘ಹಜಾರ್ಡ್’. ಮೂಲದಲ್ಲಿ ಅದೊಂದು ದಾಳದಾಟ. 14ನೇ ಶತಮಾನದ ಕವಿ ಚಾಸರನ ಕಾಲಕ್ಕಾಗಲೇ ಇಂಗ್ಲಿಷರಿಗೆ ಪರಿಚಿತ. ‘ರಿಸ್ಕ್’ 17ನೇ ಶತಮಾನದಲ್ಲಿ ಇಟಲಿ, ಫ್ರಾನ್ಸ್‌ಗಳ ಕಡೆಯಿಂದ ಬಂತು. ಅದೇ ಶತಮಾನದಲ್ಲಿ, 1654ರಲ್ಲಿ, ಅರ್ಧಕ್ಕೆ ನಿಂತ ಆಟದ ಪಣವನ್ನು ಹೇಗೆ ಹಂಚಬೇಕೆಂದು ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಚರ್ಚಿಸಿದರು. ಹೀಗೆ ಸಂಭಾವ್ಯತೆಯ ಗಣಿತಕ್ಕೆ ಅಡಿಪಾಯ ಬಿತ್ತು. 1693ರಲ್ಲಿ ಖಗೋಳಜ್ಞ ಹ್ಯಾಲಿ ಬ್ರೆಸ್ಲೌ ನಗರದ ಜನನ ಮರಣಗಳ ಲೆಕ್ಕದಿಂದ ಆಯುಷ್ಯದ ಕೋಷ್ಟಕ ಕಟ್ಟಿದ.

ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿ ಹಡಗು ವಿಮೆಯ ಅಡ್ಡೆಯಾದದ್ದೂ ಆ ಶತಮಾನದ ಕೊನೆಯಲ್ಲೇ. ಹಡಗು ಮುಳುಗಿದರೆ ನಷ್ಟದಲ್ಲಿ ಇಷ್ಟು ಪಾಲು ನನ್ನದು ಎಂದು ಪತ್ರದ ಕೆಳಗೆ ಹೆಸರು ಬರೆದವನೇ ‘ಅಂಡರ್‌ರೈಟರ್’. ಅಪಾಯವನ್ನು ತೂಗಿದವನೇ ಅದರ ಬೆಲೆಯನ್ನೂ ತೆರಬೇಕಿತ್ತು. ಈ ಪದಸಂಪತ್ತಿನ ಅತ್ಯಂತ ಪ್ರಾಮಾಣಿಕ ಘಟ್ಟ ಇದೇ ಎಂಬುದು ನನ್ನ ಅಭಿಪ್ರಾಯ.

1921ರಲ್ಲಿ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ ಒಂದು ಗೆರೆ ಎಳೆದ: ಲೆಕ್ಕಕ್ಕೆ ಸಿಗುವುದು ರಿಸ್ಕ್, ಸಿಗದೇ ಇರುವುದು ಅನಿಶ್ಚಿತತೆ. ಅಣುಬಾಂಬಿನ ಭಯದ ಕಾಲದಲ್ಲಿ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಹರ್ಮನ್ ಕಾನ್ ರಂಗಭೂಮಿ, ಸಿನಿಮಾಗಳ ‘ಸಿನಾರಿಯೊ’ವನ್ನು ಯೋಜನೆಯ ಭಾಷೆಗೆ ತಂದ. 1970ರ ದಶಕದಲ್ಲಿ ಶೆಲ್ ತೈಲ ಕಂಪನಿಯಲ್ಲಿ ಪಿಯರ್ ವಾಕ್ ಅದನ್ನು ವ್ಯಾಪಾರಕ್ಕೆ ಒಗ್ಗಿಸಿದ.

ಮಾತು ಬೆಳೆದಷ್ಟೂ ಹೊಣೆ ತೆಳುವಾಗಬಹುದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಚಾಲೆಂಜರ್ ನೌಕೆಯ ದುರಂತ ಇದಕ್ಕೆ ಸಾಕ್ಷಿ. ಬೂಸ್ಟರ್ ರಾಕೆಟ್ಟಿನ ಕೀಲುಗಳಲ್ಲಿದ್ದ ‘ಓ-ರಿಂಗ್’ ಎಂಬ ರಬ್ಬರ್ ಬಳೆಗಳು ಹಿಂದಿನ ಹಾರಾಟಗಳಲ್ಲೂ ಬಿಸಿ ಅನಿಲಕ್ಕೆ ಸವೆದಿದ್ದವು. ಏನೂ ಆಗಲಿಲ್ಲವಲ್ಲ ಎಂಬ ಕಾರಣಕ್ಕೆ ಅದು ಒಪ್ಪಬಹುದಾದ ರಿಸ್ಕ್ ಎನಿಸಿಕೊಂಡಿತು. 1986ರ ಜನವರಿ 27ರ ರಾತ್ರಿ, ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎಂದು ಬೂಸ್ಟರ್ ತಯಾರಿಸಿದ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ವಾದಿಸಿದರು. ಎಂಜಿನಿಯರಿಂಗ್ ಮುಖ್ಯಸ್ಥನಿಗೆ ಮೇಲಧಿಕಾರಿ ಹೇಳಿದ್ದು, ಎಂಜಿನಿಯರನಂತೆ ಯೋಚಿಸುವುದನ್ನು ಬಿಟ್ಟು ಮ್ಯಾನೇಜರನಂತೆ ಯೋಚಿಸು ಎಂದು. ಕಂಪನಿ ಮಾತು ಬದಲಿಸಿತು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಒಡೆದು, ಅದರಲ್ಲಿದ್ದ ಏಳು ಮಂದಿಯೂ ಹೋದರು. ಅವಘಡದ ಸಂಭವ ಲಕ್ಷಕ್ಕೆ ಒಂದು ಎಂದು ನಾಸಾ ಆಡಳಿತದವರೂ ನೂರಕ್ಕೆ ಒಂದು ಎಂದು ಎಂಜಿನಿಯರುಗಳೂ ಅಂದಾಜಿಸಿದ್ದನ್ನು ತನಿಖೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ದಾಖಲಿಸಿದ. ‘ಒಪ್ಪಬಹುದು’ ಎಂದವರಾರೂ ಆ ನೌಕೆಯಲ್ಲಿರಲಿಲ್ಲ.

ದೋಷವೇ ಅಭ್ಯಾಸವಾಗಿಬಿಡುವ ಈ ಕ್ರಮಕ್ಕೆ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ 1996ರಲ್ಲಿ ‘ನಾರ್ಮಲೈಸೇಶನ್ ಆಫ್ ಡೀವಿಯನ್ಸ್’ ಎಂದು ಹೆಸರಿಟ್ಟರು. ಯೋಜನೆ ಸೋತೇಹೋಗಿದೆ ಎಂದು ಮೊದಲೇ ಊಹಿಸಿಕೊಂಡು ಕಾರಣ ಹುಡುಕುವ ‘ಪ್ರೀಮಾರ್ಟಮ್’ ಎಂಬ ವಿಧಾನವನ್ನು ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಜನಪ್ರಿಯಗೊಳಿಸಿದರು. ಬಾಯಿಬಿಡಲು ಹೆದರುವ ಕಿರಿಯ ನೌಕರನಿಗೂ ಅದು ಮಾತಾಡಲು ಅವಕಾಶ ಕೊಡುತ್ತದೆ. ಇತ್ತೀಚಿನ ಪದಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದೇ.

ಅಪಾಯದ ಈ ಭಾಷೆಯಲ್ಲಿ ನಮ್ಮ ಮನೆಬಾಗಿಲಿಗೆ ಬಂದಿರುವುದು ಹವಾಮಾನ ಇಲಾಖೆಯ ಅಲರ್ಟ್ ಬಣ್ಣಗಳು. ಯೆಲ್ಲೋ ಎಂದರೆ ಗಮನಿಸುತ್ತಿರಿ, ಆರೆಂಜ್ ಎಂದರೆ ಸಿದ್ಧರಾಗಿರಿ, ರೆಡ್ ಎಂದರೆ ಕ್ರಮ ಕೈಗೊಳ್ಳಿ. ನಮ್ಮ ಸುದ್ದಿಗಳಲ್ಲಿ ಈ ಮೂರೂ ಬರೀ ‘ಭಾರಿ ಮಳೆ’ಯ ಹೆಚ್ಚು ಕಡಿಮೆಯಾಗಿ ಕಾಣಿಸಿಕೊಳ್ಳುತ್ತವೆ. ಪತ್ರಿಕೆಯವರು, ಟಿ.ವಿ.ಯವರು ಬಣ್ಣದ ಜೊತೆಗೇ ಯಾರು, ಎಷ್ಟು ಹೊತ್ತಿಗೆ, ಏನು ಮಾಡಬೇಕು ಎಂಬುದನ್ನೂ ದಯವಿಟ್ಟು ಹಾಕಲಿ.