ಕುದುರೆ ಲದ್ದಿ ತೋಟಕ್ಕೆ ಹೋದ್ರೆ ಗೊಬ್ಬರ, ಚರಂಡಿಗೆ ಹೋದ್ರೆ ಕೇಸು: ಎಲ್ಲಿಡಬೇಕು, ಹೇಗೆ ಸಾಗಿಸಬೇಕು, ದೂರು ಯಾರಿಗೆ?

ಮೈಸೂರು: ಟಾಂಗಾ ಕಾಲ ಮುಗೀತಾ ಬಂದ್ರೂ ಜಿಲ್ಲೆಯಲ್ಲಿ ಕುದುರೆ ಮರೆಯಾಗಿಲ್ಲ. ಅರಮನೆ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಟಾಂಗಾ, ಸಾರೋಟು ಇವೆ. ರೇಸ್ ಕೋರ್ಸಿನ ಲಾಯ ಇದೆ, ಪೊಲೀಸ್ ಅಶ್ವದಳ ಇದೆ, ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬರುವ ಕುದುರೆಗಳೂ ಇವೆ. ದೊಡ್ಡ ಲಾಯಗಳಿಗೆ ಆಳು, ಗಾಡಿ, ಜಾಗ ಎಲ್ಲಾ ಇರುತ್ತೆ. ತಕರಾರು ಶುರುವಾಗೋದು ಮನೆ ಹಿಂದೆ ಒಂದೆರಡು ಕುದುರೆ ಕಟ್ಟಿಕೊಂಡವರಿಗೂ ಪಕ್ಕದ ಮನೆಯವರಿಗೂ, ಇಲ್ಲವೇ ಗಾಡಿ ನಿಲ್ಲುವ ಕಡೆ ಅಂಗಡಿ ಇಟ್ಟವರಿಗೂ. ಒಬ್ಬರಿಗೆ ಅದು ಹೊಟ್ಟೆಪಾಡು, ಇನ್ನೊಬ್ಬರಿಗೆ ನೊಣದ ಕಾಟ, ವ್ಯಾಪಾರ ಹಾಳು.

ಮೊದಲು ಲೆಕ್ಕ ನೋಡೋಣ. ದೊಡ್ಡ ಕುದುರೆಯೊಂದು ದಿನಕ್ಕೆ ಸುಮಾರು 20 ಕೆಜಿ ಲದ್ದಿ ಹಾಕುತ್ತೆ. ಟಾಂಗಾದ ಸಣ್ಣ ಕುದುರೆಯದ್ದು ಇದಕ್ಕಿಂತ ಕಮ್ಮಿ. ಕಾಲಡಿ ಹಾಸಿದ ಹುಲ್ಲು, ಹೊಟ್ಟು ಸೇರಿದರೆ ತೂಕ ಇನ್ನೂ ಜಾಸ್ತಿ. ಅಂದರೆ ಒಂದೇ ಕುದುರೆಯಿಂದ ವಾರಕ್ಕೆ ಒಂದೂವರೆ ಕ್ವಿಂಟಲ್ ಹತ್ತಿರ ಆಗಬಹುದು. ಇದನ್ನು ಮನೆ ಕಸದ ಬಕೆಟ್‌ಗೆ ಹಾಕಿ ಕಸದ ಆಟೋಗೆ ಕೊಡ್ತೀನಿ ಅಂದ್ರೆ ಆಗೋ ಮಾತಲ್ಲ.

ಒಂದು ವಾರದ ಗಡುವು

ಎಲ್ಲಕ್ಕಿಂತ ಮುಖ್ಯ ಈ ವಿಷಯ. ನಮ್ಮ ಕಡೆಯ ಬಿಸಿಲಿಗೆ ಮನೆನೊಣ ಮೊಟ್ಟೆಯಿಂದ ರೆಕ್ಕೆ ಬರುವಷ್ಟು ಬೆಳೆಯೋಕೆ ಏಳರಿಂದ ಹತ್ತು ದಿನ ಸಾಕು. ಹಸಿ ಲದ್ದಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ವಾರದೊಳಗೆ ಗುಡ್ಡೆ ಎತ್ತಿಬಿಟ್ಟರೆ ನೊಣದ ಸಂತಾನ ಅಲ್ಲೇ ತುಂಡಾಗುತ್ತೆ. ಹದಿನೈದು ದಿನಕ್ಕೊಮ್ಮೆ ಎತ್ತುವವರ ಮನೆ ಪಕ್ಕದಲ್ಲಿ ಜಗಳ ತಪ್ಪಲ್ಲ, ಎಷ್ಟು ಬ್ಲೀಚಿಂಗ್ ಪೌಡರ್ ಚೆಲ್ಲಿದರೂ ಅಷ್ಟೇ.

ವಾರಕ್ಕೊಮ್ಮೆ ತೆಗೆಯೋದಾದರೆ ಒಂದು ಕುದುರೆಗೆ 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರದ ತೊಟ್ಟಿ ಧಾರಾಳ ಆಯ್ತು. ತಳಕ್ಕೆ ಸಿಮೆಂಟು ಅಥವಾ ಕಲ್ಲು ಚಪ್ಪಡಿ, ಮೂರು ಕಡೆ ಗೋಡೆ, ಮೇಲೆ ಶೀಟು ಇಲ್ಲವೇ ಟಾರ್ಪಾಲು. ಹೊದಿಕೆ ಇಲ್ಲದಿದ್ರೆ ಮಳೆಗಾಲದಲ್ಲಿ ಕಂದು ಬಣ್ಣದ ನೀರು ಇಳಿದು ರಸ್ತೆಗೆ ಬರುತ್ತೆ. ಅಲ್ಲಿಗೆ ಅದು ಬರೀ ಮನೆ ವಿಷಯ ಆಗಿ ಉಳಿಯಲ್ಲ. ಬಾವಿ, ಬೋರ್‌ವೆಲ್‌ಗಿಂತ ಮೇಲಿನ ಇಳಿಜಾರಿನಲ್ಲಿ ಗುಡ್ಡೆ ಹಾಕಲೇಬಾರದು.

ಕಾನೂನು ಏನು ಹೇಳುತ್ತೆ?

ಲದ್ದಿಗೇ ಅಂತ ಪ್ರತ್ಯೇಕ ಕಾಯ್ದೆ ಹುಡುಕಬೇಕಿಲ್ಲ. 2016ರಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೃಷಿ ಮತ್ತು ಹೈನುಗಾರಿಕೆ ತ್ಯಾಜ್ಯವನ್ನೂ ಘನತ್ಯಾಜ್ಯದ ಪಟ್ಟಿಗೇ ಸೇರಿಸಿದವು. ಕಸವನ್ನು ಬೀದಿ, ಖಾಲಿ ಜಾಗ, ಚರಂಡಿ, ಕೆರೆಕಟ್ಟೆಗೆ ಎಸೆಯುವಂತಿಲ್ಲ, ಸುಡುವಂತಿಲ್ಲ, ಅಲ್ಲಿ ಹೂಳುವಂತಿಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದು ಈ ನಿಯಮಗಳೇ. ದಿನಕ್ಕೆ ಸರಾಸರಿ 100 ಕೆಜಿ ಮೀರಿದರೆ ದೊಡ್ಡ ಪ್ರಮಾಣದ ತ್ಯಾಜ್ಯ ಉತ್ಪಾದಕರು ಅನ್ನೋ ಗೆರೆಯೂ ಅದರಲ್ಲೇ ಬಂತು. ಐದಾರು ದೊಡ್ಡ ಕುದುರೆ ಇಟ್ಟು ರೈಡಿಂಗ್ ಸ್ಕೂಲ್ ನಡೆಸುವವರು ಈ ಲೆಕ್ಕ ಮರೆಯಬಾರದು.

ಮನೆ ತೊಳೆದ ಹಾಗೆ ಪೈಪ್ ಹಿಡಿದು ಲದ್ದಿಯನ್ನು ಚರಂಡಿಗೆ ತಳ್ಳೋದು ಬಹಳ ಕಡೆ ರೂಢಿ. ಚರಂಡಿ ಕಟ್ಟಿಕೊಂಡರೆ ಮುಂದಿನ ಅಂಗಡಿಯೊಳಗೆ ನೀರು ನುಗ್ಗುತ್ತೆ. ಇದಕ್ಕೆ ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಂ ಪ್ರಕಾರ ಸಾರ್ವಜನಿಕ ಉಪದ್ರವ ಅಂತ ಹೆಸರು, 292ರ ಪ್ರಕಾರ 1,000 ರೂಪಾಯಿವರೆಗೆ ದಂಡ. ದಂಡ ಚಿಕ್ಕದು ಅಂತ ನಗಬೇಡಿ. ಜನ ಬಳಸುವ ನೀರಿನ ಸೆಲೆ, ಕೆರೆಯನ್ನು ಬೇಕಂತಲೇ ಕೆಡಿಸಿದರೆ 279ನೇ ಕಲಂ ಬರುತ್ತೆ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಸ್ಥಳೀಯ ಸಂಸ್ಥೆಯ ಬೈಲಾ ದಂಡ ಬೇರೆ. ಅದು ಊರಿಂದೂರಿಗೆ ಬದಲಾಗುತ್ತೆ, ಆರೋಗ್ಯ ನಿರೀಕ್ಷಕರ ಹತ್ತಿರ ಕೇಳಿಯೇ ತಿಳ್ಕೋಬೇಕು.

ಸಾಗಿಸುವಾಗ

ಟಾಂಗಾದವರು ಬಾಲದ ಕೆಳಗೆ ಗೋಣಿ ಜೋಳಿಗೆ ಕಟ್ಟಿದರೆ ರಸ್ತೆಯ ಅರ್ಧ ತೊಂದರೆ ಅಲ್ಲೇ ಮುಗೀತು. ಖರ್ಚೂ ಇಲ್ಲ. ದಿಬ್ಬಣಕ್ಕೆ ಕುದುರೆ ಕರೆಸುವವರು ಒಂದು ಸಲಿಕೆ, ಮಂಕರಿ ತರೋಕೆ ಮೊದಲೇ ಹೇಳಿಬಿಡಿ. ವಾದ್ಯದವರ ಹಿಂದೆ ಬರೋ ಜನ ತುಳಿದ ಮೇಲೆ ಬಳಿಯೋದು ಕಷ್ಟ.

ಟ್ರ್ಯಾಕ್ಟರ್, ಆಪೆ ಗಾಡಿಯಲ್ಲಿ ಒಯ್ಯುವಾಗ ಮೇಲೆ ಟಾರ್ಪಾಲು ಬಿಗಿದಿರಬೇಕು, ಹಿಂಬಾಗಿಲ ಸಂದಿಗೆ ಗೋಣಿ ತುರುಕಿರಬೇಕು. ಅಂಗಡಿಯವರ ಪಾತ್ರವೂ ಇದೆ. ಗುಡ್ಡೆ ಹೆಂಗಿದ್ರೂ ಗಲೀಜೇ ಅಂತ ಅದರ ಮೇಲೆ ಪ್ಲಾಸ್ಟಿಕ್ ಕವರು, ಟೀ ಕಪ್ಪು ಎಸೆಯೋದು ಸಾಮಾನ್ಯ. ಪ್ಲಾಸ್ಟಿಕ್ ಸೇರಿದ ಲದ್ದಿಯನ್ನು ರೈತರು ಮುಟ್ಟಲ್ಲ. ಕೊಳ್ಳೋರಿಲ್ಲದ ಗುಡ್ಡೆ ಅದೇ ಅಂಗಡಿ ಮುಂದೆ ಕೊಳೀತಾ ಬೀಳುತ್ತೆ.

ರೈತರಿಗೆ ಒಂದು ಎಚ್ಚರಿಕೆ

ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಮೇವಿನ ಜೊತೆ ತಿಂದ ಕಳೆಬೀಜ ಎಷ್ಟೋ ಹಾಗೇ ಹೊರಬರುತ್ತೆ. ಹಸಿ ಲದ್ದಿ ನೇರ ಹೊಲಕ್ಕೆ ಚೆಲ್ಲಿದರೆ ಕಳೆ ಬಿತ್ತಿದ ಹಾಗೆ. ಎದೆಮಟ್ಟಕ್ಕೆ ಗುಡ್ಡೆ ಹಾಕಿ, ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇಟ್ಟು, ಆಗಾಗ ಮಗುಚಿದರೆ ಒಳಗಿನ ಬಿಸಿ 55 ಡಿಗ್ರಿ ದಾಟುತ್ತೆ. ಆ ಬಿಸಿ ಗುಡ್ಡೆಯ ಎಲ್ಲಾ ಭಾಗಕ್ಕೂ ಕೆಲವು ದಿನ ತಾಗಿದರೆ ಹೆಚ್ಚಿನ ಕಳೆಬೀಜ, ರೋಗಾಣು ಸಾಯುತ್ತವೆ. ಎರಡು ಮೂರು ತಿಂಗಳಲ್ಲಿ ವಾಸನೆ ಹೋಗಿ ಪುಡಿಪುಡಿ ಮಣ್ಣಿನ ಹಾಗಾದರೆ ಗೊಬ್ಬರ ತಯಾರು. ಬಾಳೆ, ತೆಂಗು, ಹೂವಿನ ತೋಟಕ್ಕೆ ಒಳ್ಳೇದು. ಬಟನ್ ಅಣಬೆ ಬೆಳೆಯುವವರೂ ಲದ್ದಿ ಹುಡುಕ್ತಾರೆ.

ಬರಿಗಾಲಲ್ಲಿ, ಬರಿಗೈಲಿ ಬಾಚೋದು ಬೇಡ. ಧನುರ್ವಾಯು ತರುವ ರೋಗಾಣು ಕುದುರೆ ಲದ್ದಿಯಲ್ಲಿ ಇರುತ್ತೆ. ಗಾಯ ಆದರೆ ತೊಳೆದು, ಇಂಜೆಕ್ಷನ್ ವಿಷಯ ಆಸ್ಪತ್ರೆಯಲ್ಲಿ ಕೇಳಿ.

ಇನ್ನೊಂದು ಗ್ಲ್ಯಾಂಡರ್ಸ್. ಮೂಗಿನಿಂದ ಗಟ್ಟಿ ಸಿಂಬಳ, ಜ್ವರ, ಚರ್ಮದ ಮೇಲೆ ಗಂಟು, ಹುಣ್ಣು ಕಂಡರೆ ಆ ಲಾಯದ ಲದ್ದಿ, ಹುಲ್ಲು ಯಾವುದನ್ನೂ ಹೊರಗೆ ಕೊಡಬಾರದು. ಮನುಷ್ಯರಿಗೂ ಅಂಟುವ, ಜೀವ ತೆಗೆಯುವ ರೋಗ ಅದು. 2009ರ ಪ್ರಾಣಿ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಡಿ ಮಾಲೀಕರು ತಿಳಿಸಲೇಬೇಕು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದು, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಬಹುದು.

ದೂರು ಕೊಡೋದಾದ್ರೆ

ಮೈಸೂರು ನಗರದಲ್ಲಿ ಪಾಲಿಕೆಯ ವಲಯ ಕಚೇರಿ, ತಾಲ್ಲೂಕು ಕೇಂದ್ರಗಳಲ್ಲಿ ನಗರಸಭೆ ಅಥವಾ ಪುರಸಭೆಯ ಆರೋಗ್ಯ ನಿರೀಕ್ಷಕರು, ಹಳ್ಳಿಯಲ್ಲಿ ಪಿಡಿಒ. ಬಾಯಿಮಾತು ಬೇಡ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಅಲ್ಲಿ ಆಗದಿದ್ದರೆ ಜನಸ್ಪಂದನ 1902. ಅದಕ್ಕೂ ಬಗ್ಗದಿದ್ರೆ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಬಹುದು. ಉಪದ್ರವ ತೆಗೆಸುವಂತೆ ಆದೇಶ ಕೊಡುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿ ಅವರಿಗಿದೆ. ಆದೇಶಕ್ಕೆ ಆಕ್ಷೇಪ ಹೇಳೋಕೆ ಕುದುರೆ ಮಾಲೀಕರಿಗೂ ಅಲ್ಲೇ ಅವಕಾಶ ಇರುತ್ತೆ. ಲದ್ದಿಯನ್ನು ವಾರಕ್ಕೊಮ್ಮೆ ಯಾವ ತೋಟಕ್ಕೆ ಕಳಿಸ್ತೀವಿ ಅಂತ ದಿನಾಂಕ ಹಾಕಿ ಬರೆದಿಟ್ಟ ಪುಸ್ತಕ ಇದ್ದರೆ ಅಂಥ ಹೊತ್ತಿಗೆ ಕೈಗೆ ಬರುತ್ತೆ.