2,14,74,83,647 (ಅವಿಭಾಜ್ಯ ಸಂಖ್ಯೆ)

ಎರಡರ 31ನೇ ಘಾತದಲ್ಲಿ ಒಂದನ್ನು ಕಳೆದರೆ ಬರುವ ಹತ್ತಂಕಿಯ ಅವಿಭಾಜ್ಯ ಸಂಖ್ಯೆ. ಈ ರೂಪದ ಅವಿಭಾಜ್ಯಗಳನ್ನು ಮೆರ್ಸೆನ್ ಅವಿಭಾಜ್ಯಗಳು ಎನ್ನುತ್ತಾರೆ; ಅವುಗಳಲ್ಲಿ ಇದು ಎಂಟನೆಯದು. ಘಾತವಾದ 31 ಕೂಡ ಮೆರ್ಸೆನ್ ಅವಿಭಾಜ್ಯವೇ ಆದ್ದರಿಂದ ಇದು ‘ಇಮ್ಮಡಿ ಮೆರ್ಸೆನ್’ ಗುಂಪಿಗೂ ಸೇರುತ್ತದೆ. ಈ ಗುಂಪಿನಲ್ಲಿ ಈವರೆಗೆ ಗೊತ್ತಿರುವ ಅವಿಭಾಜ್ಯಗಳು ನಾಲ್ಕೇ: 7, 127, ಪ್ರಸ್ತುತ ಸಂಖ್ಯೆ ಮತ್ತು 2¹²⁷−1.

ಇದು ಅವಿಭಾಜ್ಯವೆಂದು ಮೊದಲು ಬರೆದವರು ಬೊಲೊನ್ಯದ ಪಿಯೆತ್ರೊ ಕತಾಲ್ದಿ, 1603ರಲ್ಲಿ. ಆದರೆ ಅವರು 23, 29, 37 ಎಂಬ ಘಾತಗಳನ್ನೂ ಇದರ ಜೊತೆಗೇ ಸೇರಿಸಿದ್ದರು. ಆ ಮೂರೂ ತಪ್ಪು. ಹಾಗಾಗಿ 31 ಸರಿಯಾದದ್ದನ್ನು ಊಹೆ ಫಲಿಸಿತು ಎನ್ನಬಹುದೇ ಹೊರತು ಸಾಧನೆ ಎನ್ನಲಾಗದು. ಮೆರ್ಸೆನ್ನರ 1644ರ ಪಟ್ಟಿಯಲ್ಲೂ 31 ಇದೆ, ಸಾಧನೆ ಇಲ್ಲ.

ಸಾಧನೆ ಲಿಯೊನಾರ್ಡ್ ಆಯ್ಲರ್ ಅವರದು ಎಂಬುದರಲ್ಲಿ ತಕರಾರಿಲ್ಲ. ಯಾವ ವರ್ಷ ಎಂಬಲ್ಲಿ ಗ್ರಂಥಗಳು ಹೊಂದುವುದಿಲ್ಲ. 1732 ಎನ್ನುವವರು ಅವರ ಆರಂಭದ ಪ್ರಬಂಧವೊಂದನ್ನು ಆಧಾರವಾಗಿ ಹಿಡಿಯುತ್ತಾರೆ. ಅಲ್ಲಿ 31 ಇದೆ ನಿಜ, ಆದರೆ ತಪ್ಪಾದ 41 ಮತ್ತು 47 ಕೂಡ ಇವೆ. 1752ರ ಅಕ್ಟೋಬರಿನಲ್ಲಿ ಗೋಲ್ಡ್‌ಬಾಖರಿಗೆ ಬರೆದ ಕಾಗದದಲ್ಲಂತೂ ತನಗೆ ಏಳೇ ಪರಿಪೂರ್ಣ ಸಂಖ್ಯೆಗಳು (ಒಂದೊಂದು ಮೆರ್ಸೆನ್ ಅವಿಭಾಜ್ಯದಿಂದಲೂ ಒಂದೊಂದು ಬರುತ್ತದೆ) ಗೊತ್ತು, 2³¹−1ರ ವಿಷಯ ಖಚಿತವಿಲ್ಲ ಎಂದು ಆಯ್ಲರರೇ ಒಪ್ಪಿಕೊಂಡಿದ್ದಾರೆ. ಇಪ್ಪತ್ತು ವರ್ಷ ಹಿಂದೆ ಸಾಧಿಸಿದವರು ಬರೆಯುವ ಮಾತಲ್ಲ ಇದು. ಹಾಗಾಗಿ ಬರ್ನೂಲಿಗೆ ಬರೆದ ಪತ್ರದ ಮೂಲಕ ಬರ್ಲಿನ್ ಅಕಾಡೆಮಿಯ 1772ರ ಸಂಪುಟದಲ್ಲಿ ಬಂದ ವಿವರಣೆಯನ್ನೇ ಪ್ರಮಾಣವಾಗಿ ಹಿಡಿಯುವುದು ಉಚಿತ. ಅದರ ತಿರುಳು ಸರಳ: ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ವರ್ಗಮೂಲವಾದ ಸುಮಾರು 46,340ರೊಳಗೆ ಅಂಥ ಅವಿಭಾಜ್ಯಗಳು ಕೆಲವೇ, ಯಾವುದೂ ಭಾಗಿಸಲಿಲ್ಲ.

ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯವೆಂಬ ಹಿರಿಮೆ ಇದಕ್ಕೆ ಎಷ್ಟು ಕಾಲ ಉಳಿಯಿತು ಎಂಬುದೂ ಗೊಂದಲವೇ. ಪರಿಪೂರ್ಣ ಸಂಖ್ಯೆಗಳು ಕುತೂಹಲಕ್ಕಷ್ಟೇ, ಉಪಯೋಗಕ್ಕಲ್ಲ, ಇದರಿಂದ ಬರುವುದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲು ಹೋಗಲಾರರು ಎಂದು ಪೀಟರ್ ಬಾರ್ಲೊ 1811ರಲ್ಲಿ ಬರೆದರು. ಪಟ್ಟಿಗಳು ಸಾಮಾನ್ಯವಾಗಿ ಈ ಹಿರಿಮೆ ಮುಗಿದ ವರ್ಷ 1867 ಎನ್ನುತ್ತವೆ. ಆಗ ಫಾರ್ಚುನೆ ಲಾಂದ್ರಿ 32,03,43,17,80,337 ಅವಿಭಾಜ್ಯವೆಂದು ತೋರಿಸಿದರು. ಆದರೆ ಥಾಮಸ್ ಕ್ಲಾಸೆನ್ 1855ರಲ್ಲೇ ಗೌಸರಿಗೆ ಬರೆದ ಪತ್ರದಲ್ಲಿ 6,72,80,42,13,10,721 ಎಂಬ ಇನ್ನೂ ದೊಡ್ಡ ಅವಿಭಾಜ್ಯ ಇದೆ. ಆ ಪತ್ರ ಬಹುಕಾಲ ಬೆಳಕಿಗೆ ಬರಲಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಲಾಂದ್ರಿಯದು ದಾಖಲೆಯೇ ಅಲ್ಲ.

ಉಪಯೋಗ ಬಂದದ್ದು ಕಂಪ್ಯೂಟರಿನೊಂದಿಗೆ. ಚಿಹ್ನೆಸಹಿತ 32 ಬಿಟ್‌ಗಳಲ್ಲಿ ಹಿಡಿಸುವ ಗರಿಷ್ಠ ಪೂರ್ಣಾಂಕ ಇದೇ. ಈ ಮಿತಿಗೆ ಕಟ್ಟುಬಿದ್ದ ಯುನಿಕ್ಸ್ ಗಡಿಯಾರಗಳು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8:44:07 ಕಳೆದೊಡನೆ ಹಿಂದಕ್ಕೆ ಹಾರುತ್ತವೆ. 7 ಈ ಸಂಖ್ಯೆಯ ಆದಿಮೂಲ, ಅಂದರೆ 7ರ ಘಾತಗಳನ್ನು ಇದರಿಂದ ಭಾಗಿಸಿದಾಗ ಬರುವ ಶೇಷಗಳು ಇದಕ್ಕಿಂತ ಚಿಕ್ಕ ಧನಪೂರ್ಣಾಂಕಗಳನ್ನೆಲ್ಲ ಮುಟ್ಟಿಬರುತ್ತವೆ. 7ರ ಐದನೇ ಘಾತವಾದ 16,807ಕ್ಕೂ ಇದೇ ಗುಣ. 1969ರಿಂದ ಯಾದೃಚ್ಛಿಕ ಸಂಖ್ಯೆಗಳ ಉತ್ಪಾದನೆಗೆ ಈ ಸಂಖ್ಯೆ ಮತ್ತು 16,807ರ ಜೋಡಿಯನ್ನು ಬಳಸಿದ್ದುಂಟು.

ಇದನ್ನೇ ಘಾತವಾಗಿಸಿ ಮತ್ತೊಂದು ಮೆರ್ಸೆನ್ ಸಂಖ್ಯೆ ಕಟ್ಟಿದರೆ ಅದು ಅವಿಭಾಜ್ಯವಲ್ಲ: 1983ರಲ್ಲಿ ಗೈ ಹಾವರ್ತ್ ಅದಕ್ಕೆ 29,52,57,52,66,26,031 ಎಂಬ ಭಾಜಕವನ್ನು ಕಂಡುಹಿಡಿದರು.