ಊರಿನ ಮತದಾರರ ಪಟ್ಟಿಯೂ ದೇವಾಲಯದ ಹೆಸರಿನ ಪುಸ್ತಕವೂ

ದೇವರ ಕೃಪೆಯಿಂದ ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ದೇವಾಲಯದ ಗೋಡೆ, ಗಂಟೆ, ಪೀಠಗಳ ಚರಿತ್ರೆಯನ್ನು ಬರೆಯಬಲ್ಲವರು ಅನೇಕರಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಅದೇ ನೂರು ವರ್ಷಗಳ ಮತ್ತೊಂದು ಚರಿತ್ರೆಯನ್ನು. ಜಾವಗಲ್ಲಿನಂಥ ಸಣ್ಣ ಊರುಗಳ ಶ್ರೀಸಾಮಾನ್ಯರ ಹೆಸರು ಮತದಾರರ ಪಟ್ಟಿಗೆ ಏರಿದ ಬಗೆ ಅದು.

ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಾವಗಲ್ಲು ಪುರಾತನವಾದ ಊರು. ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪದ ಲಕ್ಷ್ಮೀನರಸಿಂಹ ದೇವಾಲಯವು ಇಲ್ಲಿದೆ; ಹಿಂದೂ ಮುಸ್ಲಿಮರೆನ್ನದೆ ಜನರು ಹರಕೆ ಹೊತ್ತು ಬರುವ ದರ್ಗಾ ಇದೆ. ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ಊರಿನ ಮಹಾಜನರೂ ಗಾವುಂಡರೂ ಕೂಡಿ ಕೆರೆ, ತೂಬು, ದತ್ತಿಗಳ ವಿಷಯವನ್ನು ತೀರ್ಮಾನಿಸುತ್ತಿದ್ದುದು ತಿಳಿದೇ ಇದೆ. ಆದರೆ ಮಹಾಜನರ ಆ ಸಭೆಗಳಲ್ಲಿ ಹೊಲದ ಕೂಲಿಯವನಿಗೆ ಸ್ಥಾನವಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಮೊದಲ ಸಭೆಗೆ ಬಂದ 144 ಮಂದಿಯೂ ಜಮೀನುದಾರರು ಮತ್ತು ವರ್ತಕರ ಪೈಕಿ ಆರಿಸಿ ಕರೆದವರು. 1891ರಲ್ಲಿ ಚುನಾವಣೆಯ ಪದ್ಧತಿ ಬಂದಿತಾದರೂ ಮತದ ಹಕ್ಕು ಕಂದಾಯ ಕಟ್ಟುವ ಅನುಕೂಲಸ್ಥರಿಗೆ, ಪದವೀಧರರಿಗೆ ಸೀಮಿತವಾಗಿತ್ತು. 1923ರ ಕಾನೂನು ಸ್ತ್ರೀಯರಿಗಿದ್ದ ಅಡ್ಡಿಯನ್ನು ತೆಗೆದುಹಾಕಿತು. ಆಸ್ತಿಯ ನಿಬಂಧನೆ ಮಾತ್ರ ಉಳಿಯಿತು. 1926ರಲ್ಲಿ ಗ್ರಾಮ ಪಂಚಾಯಿತಿಗಳ ಶಾಸನವು ಬಂದಿತು. ಹೀಗೆ ನಮ್ಮ ದೇವಾಲಯದ ವಯಸ್ಸೂ ನಮ್ಮ ಹಳ್ಳಿಗಳ ಪಂಚಾಯಿತಿ ಆಡಳಿತದ ವಯಸ್ಸೂ ಹೆಚ್ಚುಕಡಿಮೆ ಒಂದೇ ಎನ್ನಬಹುದು.

ಆಸ್ತಿಯ ತಡೆ ಬಿದ್ದುಹೋದದ್ದು 1951-52ರ ಪ್ರಥಮ ಮಹಾ ಚುನಾವಣೆಯಲ್ಲಿ. ಗೇಣಿದಾರನೂ ಜಮೀನಿನ ಒಡೆಯನೂ, ಅಕ್ಷರ ಬಲ್ಲವನೂ ಅರಿಯದವನೂ ಒಂದೇ ಸಾಲಿನಲ್ಲಿ ನಿಂತರು. ಆಗ ಪ್ರತಿ ಅಭ್ಯರ್ಥಿಗೂ ಅವನ ಚಿಹ್ನೆಯನ್ನು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಮತದಾರನು ತನಗೆ ಬೇಕಾದ ಪೆಟ್ಟಿಗೆಗೆ ಚೀಟಿಯನ್ನು ಹಾಕಬೇಕಾಗಿತ್ತು.

ಆ ಚುನಾವಣೆಯ ಒಂದು ಸಂಗತಿಯನ್ನು ನಾವು ವಿಶೇಷವಾಗಿ ನೆನೆಯಬೇಕು. ಪಟ್ಟಿ ತಯಾರಿಸಲು ಬಂದವರಿಗೆ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಪ್ಪದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ತಿಳಿಸಿದರು. ಸ್ವಂತ ಹೆಸರಿಲ್ಲದೆ ಯಾರನ್ನೂ ಪಟ್ಟಿಯಲ್ಲಿ ಸೇರಿಸಲಾಗದೆಂದು ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಪಟ್ಟುಹಿಡಿದರು. ದೇಶದಲ್ಲಿದ್ದ ಸುಮಾರು 8 ಕೋಟಿ ಸ್ತ್ರೀ ಮತದಾರರ ಪೈಕಿ ಸುಮಾರು 28 ಲಕ್ಷ ಮಂದಿ, ಬಹುಪಾಲು ಉತ್ತರದ ರಾಜ್ಯಗಳವರು, ಹೀಗೆ ಪಟ್ಟಿಯಿಂದ ಹೊರಗುಳಿದರು. ಮುಂದಿನ ಚುನಾವಣೆಗಳಲ್ಲಿ ಅವರ ಹೆಸರುಗಳು ಬರತೊಡಗಿದವು.

ಇದನ್ನು ಓದುವಾಗ ನಮ್ಮ ಗುರುಮನೆಯ ಬೀರುವಿನಲ್ಲಿರುವ ಜ್ಞಾನಸ್ನಾನದ ದಾಖಲೆ ಪುಸ್ತಕವು ನಮ್ಮ ಕಣ್ಣ ಮುಂದೆ ಬರುತ್ತದೆ. ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆಯ ಕಾಲದಿಂದ ಧರ್ಮಸಭೆಯು ಇಂಥ ಪುಸ್ತಕಗಳನ್ನು ಇಡಬೇಕೆಂದು ವಿಧಿಸಿದೆ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ದಿನಾಂಕ, ಸ್ಥಳ ಇವಿಷ್ಟೂ ಅದರಲ್ಲಿರಬೇಕು. ಹೆಣ್ಣುಮಗುವಿಗೂ ಗಂಡುಮಗುವಿಗೂ ಒಂದೇ ಅಳತೆಯ ಸಾಲು. ಬಡವರ ಮನೆಯ ಮಗಳೂ ಅಲ್ಲಿ ತನ್ನ ಹೆಸರಿನಿಂದಲೇ ಇದ್ದಾಳೆ. ಜನನ ನೋಂದಣಿ ಸರಿಯಾಗಿರದಿದ್ದ ದಿನಗಳಲ್ಲಿ ಶಾಲೆಗೆ ಸೇರಿಸಲು ಆ ಒಂದು ಸಾಲೇ ಆಧಾರವಾದ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ.

ಮತದಾನದ ಗುರುತಾದ ಶಾಯಿಯೂ ನಮ್ಮ ನಾಡಿನದೇ ಎಂಬುದು ಹೆಮ್ಮೆಯ ಮಾತು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಮಹಾ ಚುನಾವಣೆಯಿಂದ ಈ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ.

ಊರಿನ ಆಡಳಿತದಲ್ಲಿ ದೊಡ್ಡ ತಿರುವು ಬಂದದ್ದು 1983ರ ಶಾಸನದಿಂದ. ಅದರಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾದವು. ಇದರ ಹಿಂದೆ ಶ್ರಮಿಸಿದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಗಳಿಗೆ ಕೊಳವೆ ಬಾವಿಯ ನೀರು ಕೊಟ್ಟವರೆಂದು ಜನರು 'ನೀರ್ ಸಾಬ್' ಎಂದೇ ಕರೆದರು. 1993ರ ಪಂಚಾಯತ್ ರಾಜ್ ಅಧಿನಿಯಮದಿಂದ ಗ್ರಾಮ ಪಂಚಾಯಿತಿಗಳು ಈಗಿನ ರೂಪಕ್ಕೆ ಬಂದವು. 2010ರಲ್ಲಿ ಸ್ತ್ರೀಯರ ಮೀಸಲು ಅರ್ಧಕ್ಕೆ ಏರಿತು. ಹೆಸರು ಹೇಳಲು ಸಂಕೋಚಪಟ್ಟವರ ಮೊಮ್ಮಕ್ಕಳು ಇಂದು ಅಧ್ಯಕ್ಷೆಯ ಕುರ್ಚಿಯಲ್ಲಿ ಕುಳಿತು ಸಹಿ ಹಾಕುವಂತಾಗಿದೆ.

ಮತದಾನವು ಲೌಕಿಕ, ನಮಗೇಕೆ ಅದರ ಗೊಡವೆ ಎನ್ನುವವರು ನಮ್ಮಲ್ಲಿಯೂ ಉಂಟು. ಅವರಿಗೆ ದ್ವಿತೀಯ ವ್ಯಾಟಿಕನ್ ಮಹಾಸಭೆಯೇ ಉತ್ತರ ಕೊಟ್ಟಿದೆ. ಸ್ವತಂತ್ರವಾಗಿ ಮತ ಚಲಾಯಿಸುವುದು ಪ್ರತಿ ಪ್ರಜೆಯ ಹಕ್ಕು ಮಾತ್ರವಲ್ಲ, ಸರ್ವರ ಹಿತಕ್ಕಾಗಿ ಮಾಡಬೇಕಾದ ಕರ್ತವ್ಯವೂ ಹೌದೆಂದು ಅದು 1965ರಲ್ಲಿ ಬೋಧಿಸಿತು. ಜಗದ್ಗುರುಗಳ ಆಯ್ಕೆಯೂ 1179ರಿಂದ ಮೂರನೆಯ ಎರಡು ಭಾಗದಷ್ಟು ಮತಗಳ ನಿಯಮದಿಂದ ನಡೆದುಬಂದಿರುವುದನ್ನು ಮರೆಯಬಾರದು.

ನಾವು ಸಂಖ್ಯೆಯಲ್ಲಿ ಸ್ವಲ್ಪ ಮಂದಿ. ಸ್ವಲ್ಪ ಮಂದಿಯ ಬೀದಿಗೆ ದೀಪವೂ ನಲ್ಲಿಯೂ ಬರಬೇಕಾದರೆ, ನಮ್ಮ ಸ್ಮಶಾನದ ದಾರಿ ಒತ್ತುವರಿಯಾಗದೆ ಉಳಿಯಬೇಕಾದರೆ, ಗ್ರಾಮಸಭೆಯಲ್ಲಿ ನಮ್ಮ ಧ್ವನಿ ಕೇಳಿಸಬೇಕು. ಅದಕ್ಕೆ ಮೊದಲು ಪಟ್ಟಿಯಲ್ಲಿ ನಮ್ಮ ಹೆಸರಿರಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿಯುವುದು, ದುಡಿಮೆಗಾಗಿ ಬೆಂಗಳೂರು ಸೇರಿದ ಮಗನ ಹೆಸರು ಎಲ್ಲಿಯೂ ಇಲ್ಲದಾಗುವುದು, ಜ್ಞಾನಸ್ನಾನದ ಹೆಸರೊಂದು, ಪಟ್ಟಿಯ ಹೆಸರೊಂದು ಆಗುವುದು, ಇವು ನಮ್ಮ ಮನೆಗಳಲ್ಲಿ ಇಂದಿಗೂ ಕಾಣುವ ಲೋಪಗಳು. ಹದಿನೆಂಟು ತುಂಬಿದವರು ನಮೂನೆ 6ರಲ್ಲಿ, ವಿಳಾಸ ಬದಲಾದವರೂ ಹೆಸರು ತಿದ್ದಬೇಕಾದವರೂ ನಮೂನೆ 8ರಲ್ಲಿ ಅರ್ಜಿ ಸಲ್ಲಿಸಿದರೆ ಸಾಕು.

ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಸಂತ ಯೊವಾನ್ನರ ಶುಭಸಂದೇಶವು ಹೇಳುತ್ತದೆ. ನಮ್ಮ ಹಿರಿಯರು ನೂರು ವರ್ಷ ಒಂದು ಪುಸ್ತಕದಲ್ಲಿ ನಮ್ಮ ಹೆಸರುಗಳನ್ನು ಜತನವಾಗಿ ಕಾಪಾಡಿದ್ದಾರೆ. ಊರಿನ ಮತ್ತೊಂದು ಪುಸ್ತಕದಲ್ಲಿಯೂ ಅವು ತಪ್ಪಿಲ್ಲದೆ ಇರುವಂತೆ ನೋಡಿಕೊಳ್ಳುವುದು ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮೆಲ್ಲರ ಹೊಣೆ.